ಹಣೆಯಲ್ಲಿ ಜಿಡ್ಡು, ಕೆನ್ನೆಯಲ್ಲಿ ಬಿಗಿತ: ಮುಖಕ್ಕೆ ಯಾವ ಮಾಯಿಶ್ಚರೈಸರ್, ಹೇಗೆ ಹಚ್ಚಬೇಕು?

ತಿಳಿನೀರು ಅವರ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಮುಖದ ಚರ್ಮ ಎಲ್ಲ ಕಡೆಯೂ ಒಂದೇ ತೆರನಾಗಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಣೆ ಮತ್ತು ಮೂಗಿನ ಮೇಲೆ ಜಿಡ್ಡು ಹೊಳೆಯತೊಡಗುತ್ತದೆ. ಆದರೆ ಮುಖ ತೊಳೆದ ಸ್ವಲ್ಪ ಹೊತ್ತಿಗೆಲ್ಲ ಕೆನ್ನೆಗಳು ಬಿಗಿದುಕೊಂಡು, ನಕ್ಕರೆ ಚರ್ಮ ಎಳೆದಂತಾಗುತ್ತದೆ. ಮೂಗಿನ ಎರಡೂ ಬದಿಯ ಮಡಿಕೆಗಳಲ್ಲಿ ಮತ್ತು ಹುಬ್ಬುಗಳ ನಡುವೆ ಸಣ್ಣಗೆ ಹೊಟ್ಟು ಏಳುತ್ತದೆ. ಮೊಡವೆಗೆಂದು ವೈದ್ಯರು ಬರೆದುಕೊಟ್ಟ ಅಡಾಪಲಿನ್ ಜೆಲ್ಲನ್ನು ಇತ್ತೀಚೆಗೆ ರಾತ್ರಿ ಹೊತ್ತು ಹಚ್ಚತೊಡಗಿದ್ದೇನೆ. ಅಂದಿನಿಂದ ಕೆನ್ನೆಯ ಬಿಗಿತ ಇನ್ನಷ್ಟು ಹೆಚ್ಚಾಗಿದೆ.

ಮಾಯಿಶ್ಚರೈಸರ್ ಹಚ್ಚಬೇಕೆಂದು ಎಲ್ಲರೂ ಹೇಳುತ್ತಾರೆ, ಆದರೆ ಯಾವುದನ್ನು ಎಂಬಲ್ಲಿ ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ಹೊಂದುವುದಿಲ್ಲ. ನೀರಿನಂತೆ ಹಗುರಾದ ಜೆಲ್ ಹಣೆಗೆ ಹಿತವೆನಿಸುತ್ತದೆ, ಕೆನ್ನೆಗೆ ಮಾತ್ರ ಏನೇನೂ ಸಾಲದು. ಗಟ್ಟಿ ಕ್ರೀಮಿನಿಂದ ಕೆನ್ನೆ ಮೆತ್ತಗಾಗುತ್ತದೆ, ಆದರೆ ಹಣೆಯ ಮೇಲೆ ಸಣ್ಣ ಗುಳ್ಳೆಗಳು ಕಾಣಿಸಿಕೊಳ್ಳುತ್ತವೆ. ಯೂರಿಯಾ ಇರುವ ಕ್ರೀಮೊಂದನ್ನು ಹಚ್ಚಿದಾಗಲಂತೂ ಮುಖವೆಲ್ಲ ಉರಿಯಿತು.

ಜಿಡ್ಡಿನ ಚರ್ಮಕ್ಕೂ ಮಾಯಿಶ್ಚರೈಸರ್ ನಿಜವಾಗಿ ಬೇಕೆ? ‘ಹೈಪೋಅಲರ್ಜೆನಿಕ್’ (ಅಲರ್ಜಿ ತರುವ ಸಾಧ್ಯತೆ ಕಡಿಮೆ), ‘ನಾನ್‌ಕಾಮೆಡೋಜೆನಿಕ್’ (ಚರ್ಮದ ರಂಧ್ರ ಮುಚ್ಚುವುದಿಲ್ಲ), ‘ಚರ್ಮತಜ್ಞರಿಂದ ಪರೀಕ್ಷಿತ’ ಎಂದು ಡಬ್ಬಿಯ ಮುಂಭಾಗದಲ್ಲಿ ಬರೆದಿರುವುದನ್ನು ಎಷ್ಟರಮಟ್ಟಿಗೆ ನಂಬಬಹುದು? ಅಡಾಪಲಿನ್ ಮತ್ತು ಸನ್‌ಸ್ಕ್ರೀನ್ ಎರಡನ್ನೂ ಬಳಸುವವರು ಯಾವುದರ ಮೇಲೆ ಯಾವುದನ್ನು ಹಚ್ಚಬೇಕು? ಬ್ರ್ಯಾಂಡುಗಳ ಹೆಸರಿಗಿಂತ, ಆರಿಸುವ ಬಗೆಯನ್ನು ತಿಳಿಸಿಕೊಟ್ಟರೆ ಹೆಚ್ಚು ಉಪಕಾರವಾಗುತ್ತದೆ.

ಪ್ರಯೋಗಾಲಯದ ಮೇಜು ಅವರ ಉತ್ತರ

ನಾನು ಕ್ರೀಮ್ ಮತ್ತು ಲೋಷನ್‌ಗಳ ಸೂತ್ರ ಸಿದ್ಧಪಡಿಸುವ ಕೆಲಸದಲ್ಲಿ ಇರುವವನು. ಆದ್ದರಿಂದ ಡಬ್ಬಿಯೊಳಗೆ ಏನಿರುತ್ತದೆ ಎಂಬ ಕಡೆಯಿಂದ ಉತ್ತರಿಸುತ್ತೇನೆ. ಕಾಯಿಲೆಯ ವಿಚಾರವನ್ನು ವೈದ್ಯರು ಹೇಳುವುದೇ ಸರಿ.

ಮೊದಲು ಜಿಡ್ಡನ್ನೂ ತೇವವನ್ನೂ ಬೇರೆಬೇರೆಯಾಗಿ ನೋಡಬೇಕು. ಜಿಡ್ಡು ಬರುವುದು ರೋಮಕೂಪಗಳಿಗೆ ಅಂಟಿಕೊಂಡಿರುವ ಗ್ರಂಥಿಗಳಿಂದ. ಅವುಗಳ ಚಟುವಟಿಕೆಯನ್ನು ನಿಯಂತ್ರಿಸುವುದು ಮುಖ್ಯವಾಗಿ ಆಂಡ್ರೋಜನ್ ಹಾರ್ಮೋನುಗಳು. ತೇವ ಉಳಿಯುವುದು ಅಥವಾ ಆರಿಹೋಗುವುದು ಚರ್ಮದ ಅತಿ ಹೊರಗಿನ ಪದರಕ್ಕೆ ಸೇರಿದ ವಿಷಯ. ಒಂದು ಮಿಲಿಮೀಟರಿನ 50ನೇ ಒಂದು ಭಾಗದಷ್ಟು, ಇಲ್ಲವೇ ಅದಕ್ಕಿಂತ ತೆಳುವಾಗಿರುವ ಈ ಪದರವು ಇಟ್ಟಿಗೆಯ ಗೋಡೆಯ ಹಾಗೆ ಕಟ್ಟಿಕೊಂಡಿದೆ: ಚಪ್ಪಟೆಯಾದ ಸತ್ತ ಜೀವಕೋಶಗಳೇ ಇಟ್ಟಿಗೆಗಳು, ಅವುಗಳ ನಡುವೆ ತುಂಬಿರುವ ಸೆರಮೈಡ್, ಕೊಲೆಸ್ಟರಾಲ್ ಮತ್ತು ಮೇದಾಮ್ಲಗಳೇ ಗಾರೆ. ಆ ಗಾರೆಯಲ್ಲಿ ತೂಕದ ಸುಮಾರು ಅರ್ಧದಷ್ಟು ಸೆರಮೈಡ್‌ಗಳೇ ಇರುತ್ತವೆ. ಒಳಗಿನಿಂದ ನೀರು ಸದಾಕಾಲ ಆವಿಯಾಗಿ ಹೊರಹೋಗುತ್ತಲೇ ಇರುತ್ತದೆ; ಗಾರೆ ಗಟ್ಟಿಯಾಗಿದ್ದರೆ ಅದು ನಿಧಾನವಾಗಿ ಹೋಗುತ್ತದೆ, ಸಡಿಲಗೊಂಡಿದ್ದರೆ ಬೇಗ ಹೋಗುತ್ತದೆ. ಆರೋಗ್ಯವಂತ ಹೊರಪದರದಲ್ಲಿ ಶೇ. 20ರಿಂದ 30ರಷ್ಟು ನೀರಿರುತ್ತದೆ. ಅದು ಶೇ. 10ಕ್ಕಿಂತ ಕೆಳಗಿಳಿದರೆ ಚರ್ಮ ಒರಟಾಗಿ, ಬಿರಿದು, ಸಿಪ್ಪೆ ಏಳತೊಡಗುತ್ತದೆ. ಹೀಗಾಗಿ ಒಂದೇ ಮುಖದಲ್ಲಿ ಜಿಡ್ಡೂ ಬಿಗಿತವೂ ಒಟ್ಟಿಗೆ ಇರುವುದು ವಿಚಿತ್ರವೇನಲ್ಲ. ‘ಮಾಯಿಶ್ಚರೈಸರ್ ಹಚ್ಚದಿದ್ದರೆ ಚರ್ಮ ಇನ್ನಷ್ಟು ಜಿಡ್ಡು ಸುರಿಸಿ ಕೊರತೆ ತುಂಬಿಕೊಳ್ಳುತ್ತದೆ’ ಎಂಬ ಮಾತು ಬಹಳ ಪ್ರಚಾರದಲ್ಲಿದ್ದರೂ ಅದಕ್ಕೆ ಗಟ್ಟಿಯಾದ ಆಧಾರವಿಲ್ಲ. ಮುಖ ಜಿಡ್ಡಾಗಿದ್ದು, ತೊಳೆದ ಬಳಿಕವೂ ಯಾವ ಬಿಗಿತವೂ ಇಲ್ಲದವರು ಮಾಯಿಶ್ಚರೈಸರನ್ನು ಹಚ್ಚಲೇಬೇಕೆಂದಿಲ್ಲ. ನಮ್ಮ ಉದ್ಯಮ ಈ ಮಾತನ್ನು ಹೇಳಲು ಇಷ್ಟಪಡುವುದಿಲ್ಲ, ಆದರೂ ನಿಜ ಅದೇ. ನಿಮ್ಮ ಕೆನ್ನೆಗಳ ವಿಷಯ ಬೇರೆ. ಅವಕ್ಕೆ ಖಂಡಿತ ಬೇಕು.

ಕ್ರೀಮಿನಲ್ಲಿರುವ ನೀರು ಚರ್ಮದೊಳಗೆ ಹೋಗಿ ನೆಲೆಸುತ್ತದೆ ಎಂದು ಹಲವರು ತಿಳಿದಿದ್ದಾರೆ. ಆ ನೀರಿನ ಬಹುಪಾಲು ಹಚ್ಚಿದ ಕೆಲವೇ ನಿಮಿಷಗಳಲ್ಲಿ ಆರಿಹೋಗುತ್ತದೆ. ಕೆಲಸ ಮಾಡುವುದು ಅದು ಆರಿದ ಮೇಲೆ ಮುಖದ ಮೇಲೆ ಉಳಿಯುವ ಪದಾರ್ಥಗಳು, ಮತ್ತು ಅವುಗಳಲ್ಲಿ ಮೂರು ಬಗೆಗಳಿವೆ. ಗ್ಲಿಸರಿನ್, ಹೈಲುರಾನಿಕ್ ಆಮ್ಲ, ಯೂರಿಯಾ, ಸಾರ್ಬಿಟಾಲ್, ಪ್ಯಾಂಥೆನಾಲ್ ಮುಂತಾದವು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಸ್ಕ್ವಾಲೇನ್, ಸೀಟೈಲ್ ಆಲ್ಕೋಹಾಲ್, ಹಗುರ ಎಣ್ಣೆಗಳು ಕೋಶಗಳ ನಡುವಿನ ಸಂದುಗಳಲ್ಲಿ ತುಂಬಿಕೊಂಡು ಚರ್ಮವನ್ನು ನಯಗೊಳಿಸುತ್ತವೆ. ಪೆಟ್ರೋಲಿಯಂ ಜೆಲ್ಲಿ, ಖನಿಜ ತೈಲ, ಲ್ಯಾನೋಲಿನ್, ಮೇಣಗಳು, ಡೈಮೆಥಿಕೋನ್ ಮೇಲೆ ಹೊದಿಕೆಯಂತೆ ಕುಳಿತು ನೀರು ಆವಿಯಾಗುವುದನ್ನು ತಡೆಯುತ್ತವೆ. ಜೆಲ್ಲಿನಲ್ಲಿ ಮೊದಲನೆಯ ಬಗೆ ಹೆಚ್ಚು, ಮೂರನೆಯದು ಕಡಿಮೆ. ಮುಲಾಮಿನಲ್ಲಿ ಇದರ ತಿರುಗುಮುರುಗು. ಲೋಷನ್ ಮತ್ತು ಕ್ರೀಮುಗಳು ನಡುವೆ ಬರುತ್ತವೆ. ನಿಮ್ಮ ಕೆನ್ನೆಗೆ ಜೆಲ್ ಸಾಲದಿರುವುದಕ್ಕೆ ಕಾರಣ ಇದೇ: ಹಿಡಿದಿಟ್ಟ ನೀರನ್ನು ಒಳಗೇ ಉಳಿಸುವ ಹೊದಿಕೆ ಅದರಲ್ಲಿ ಇಲ್ಲ.

ಆದುದರಿಂದ ಇಡೀ ಮುಖಕ್ಕೆ ಒಂದೇ ಡಬ್ಬಿ ಸಾಕಾಗಬೇಕೆಂಬ ಹಟವನ್ನು ಬಿಡುವುದು ಒಳ್ಳೆಯದು. ಗ್ಲಿಸರಿನ್, ಸೆರಮೈಡ್ ಮತ್ತು ಡೈಮೆಥಿಕೋನ್ ಇರುವ ಹಗುರವಾದ ಲೋಷನ್ ಒಂದನ್ನು ಮುಖವೆಲ್ಲ ತೆಳುವಾಗಿ ಹಚ್ಚಿ, ಕೆನ್ನೆಗೆ ಮಾತ್ರ ಗಟ್ಟಿ ಕ್ರೀಮಿನ ಇನ್ನೊಂದು ಪದರ ಕೊಡಬಹುದು. ಹಣೆ ಜಿಡ್ಡಾಗಿರುವ ಹೊತ್ತಿನಲ್ಲಿ ಅಲ್ಲಿ ಏನನ್ನೂ ಹಚ್ಚದಿದ್ದರೂ ನಷ್ಟವಿಲ್ಲ. ನಯಾಸಿನಮೈಡ್ (ವಿಟಮಿನ್ ಬಿ3ರ ಒಂದು ರೂಪ) ಶೇ. 2ರಿಂದ 5ರಷ್ಟು ಇರುವ ಲೋಷನ್ ಸಿಕ್ಕಿದರೆ ನಿಮ್ಮಂಥ ಮಿಶ್ರ ಚರ್ಮಕ್ಕೆ ಒಪ್ಪೀತು, ಏಕೆಂದರೆ ಅದು ಚರ್ಮ ತಾನೇ ಸೆರಮೈಡ್ ತಯಾರಿಸಿಕೊಳ್ಳಲು ನೆರವಾಗುತ್ತದೆ. ಯೂರಿಯಾ ಉರಿದದ್ದರಲ್ಲಿ ಆಶ್ಚರ್ಯವಿಲ್ಲ: ಅಡಾಪಲಿನ್‌ನಿಂದ ಹೊರಪದರ ಸೂಕ್ಷ್ಮವಾಗಿರುವಾಗ ಯೂರಿಯಾ, ಲ್ಯಾಕ್ಟಿಕ್ ಆಮ್ಲ, ಪ್ರೊಪಿಲೀನ್ ಗ್ಲೈಕಾಲ್ ಮೂರೂ ಚುರುಗುಟ್ಟಿಸಬಲ್ಲವು. ಯೂರಿಯಾ ಶೇ. 10ಕ್ಕಿಂತ ಕಡಿಮೆಯಿದ್ದರೆ ಮುಖ್ಯವಾಗಿ ತೇವ ಹಿಡಿಯುತ್ತದೆ, ಅದಕ್ಕಿಂತ ಹೆಚ್ಚಾದರೆ ಗಡಸು ಚರ್ಮವನ್ನು ಸಡಿಲಿಸಿ ಉದುರಿಸುತ್ತದೆ. ಹೆಚ್ಚು ಪ್ರಮಾಣದ ಯೂರಿಯಾ ಹಿಮ್ಮಡಿಗೆ ಸೇರಿದ್ದು, ಮುಖಕ್ಕಲ್ಲ.

ಈಗ ಡಬ್ಬಿಯ ಮೇಲಿನ ಮಾತುಗಳು. ಮುಂಭಾಗವನ್ನು ಬಿಟ್ಟು ಹಿಂಭಾಗವನ್ನು ಓದಿ. ‘ಹೈಪೋಅಲರ್ಜೆನಿಕ್’ ಎಂಬುದಕ್ಕೆ ಒಪ್ಪಿತವಾದ ಅಳತೆಗೋಲಿಲ್ಲ. ಅಮೆರಿಕದ ಎಫ್‌ಡಿಎ (ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ) 1975ರಲ್ಲಿ ಅದಕ್ಕೊಂದು ನಿಯಮ ಮಾಡಿತ್ತು, ತಯಾರಕರು ನ್ಯಾಯಾಲಯಕ್ಕೆ ಹೋದ ಮೇಲೆ 1977ರಲ್ಲಿ ಅದು ಬಿದ್ದುಹೋಯಿತು. ‘ನಾನ್‌ಕಾಮೆಡೋಜೆನಿಕ್’ ಎಂಬುದಕ್ಕೂ ಕಾನೂನಿನ ವ್ಯಾಖ್ಯೆಯಿಲ್ಲ. ಹಿಂದೆ ಬಿಡಿ ಪದಾರ್ಥಗಳನ್ನು ಮೊಲದ ಕಿವಿಯ ಒಳಬದಿಗೆ ಹಚ್ಚಿ ನೋಡಿ ಪಟ್ಟಿಗಳನ್ನು ಮಾಡುತ್ತಿದ್ದರು. ಇಂದಿಗೂ ಅಂತರ್ಜಾಲದಲ್ಲಿ ಸುತ್ತುತ್ತಿರುವ ‘ರಂಧ್ರ ಮುಚ್ಚುವ ಪದಾರ್ಥಗಳ’ ಅಂಕಗಳಲ್ಲಿ ಹಲವಕ್ಕೆ ಮೂಲ ಅವೇ. ಶುದ್ಧ ರೂಪದಲ್ಲಿ ಮೊಲದ ಕಿವಿಯಲ್ಲಿ ಗುಳ್ಳೆ ಎಬ್ಬಿಸಿದ ಪದಾರ್ಥವು ಕ್ರೀಮಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿದ್ದಾಗ ಮನುಷ್ಯರ ಮುಖದಲ್ಲೂ ಹಾಗೆಯೇ ಮಾಡುತ್ತದೆಂದು ಹೇಳಲಾಗದು. ಆ ಪಟ್ಟಿಗಳನ್ನು ಮುಂದಿಟ್ಟುಕೊಂಡು ಒಳ್ಳೆಯ ಕ್ರೀಮುಗಳನ್ನು ತಳ್ಳಿಹಾಕುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಆದರೂ ಆ ಮಾತು ಬರೆದಿರುವ ಕ್ರೀಮು ಸಾಮಾನ್ಯವಾಗಿ ಹಗುರವಾಗಿರುತ್ತದೆ. ಹಣೆಗೆ ಆರಿಸುವಾಗ ಅಷ್ಟರಮಟ್ಟಿಗೆ ಅದು ಉಪಯೋಗಕ್ಕೆ ಬಂದೀತು.

ಹಿಂಭಾಗದ ಪಟ್ಟಿಯಲ್ಲಿ ಪದಾರ್ಥಗಳು ಪ್ರಮಾಣದ ಇಳಿಕೆಯ ಕ್ರಮದಲ್ಲಿರುತ್ತವೆ. ಆದರೆ ಯುರೋಪ್ ಮತ್ತು ಅಮೆರಿಕದ ನಿಯಮಗಳಲ್ಲಿ ಶೇ. 1ಕ್ಕಿಂತ ಕಡಿಮೆ ಇರುವವುಗಳನ್ನು ಹೇಗೆ ಬೇಕಾದರೂ ಜೋಡಿಸಬಹುದು. ಆ ಗೆರೆ ಎಲ್ಲಿ ಬರುತ್ತದೆ ಎಂದು ಅಂದಾಜಿಸಲು ಫೀನಾಕ್ಸಿಎಥನಾಲ್ ಎಂಬ ಸಂರಕ್ಷಕವನ್ನು ಹುಡುಕಿ. ಯುರೋಪಿನಲ್ಲಿ ಅದನ್ನು ಶೇ. 1ಕ್ಕಿಂತ ಹೆಚ್ಚು ಹಾಕುವಂತಿಲ್ಲ, ಹಾಗಾಗಿ ಅದರ ನಂತರ ಬರುವುದೆಲ್ಲ ಶೇ. 1ರೊಳಗೆ ಎಂದು ತಿಳಿಯಬಹುದು. ಸೆರಮೈಡ್ ಮತ್ತು ಹೈಲುರಾನಿಕ್ ಆಮ್ಲ ಅಲ್ಲಿದ್ದರೂ ಚಿಂತೆಯಿಲ್ಲ, ಅವು ಅಲ್ಪ ಪ್ರಮಾಣದಲ್ಲೇ ಹಾಕುವಂಥವು. ಗ್ಲಿಸರಿನ್ ಮಾತ್ರ ಮೊದಲ ನಾಲ್ಕೈದು ಹೆಸರುಗಳಲ್ಲಿ ಇರಬೇಕು. ಮುಂಭಾಗದಲ್ಲಿ ದೊಡ್ಡ ಅಕ್ಷರಗಳಲ್ಲಿ ಮೆರೆಯುವ ಹೂವು, ಬೇರು, ಗಿಡಮೂಲಿಕೆಗಳ ಸಾರಗಳು ಹೆಚ್ಚಾಗಿ ಈ ಗೆರೆಯ ಕೆಳಗೇ ಇರುತ್ತವೆ. ಕೊಲಾಜೆನ್ ಇರುವ ಕ್ರೀಮಿಗೆ ಹೆಚ್ಚು ಹಣ ಕೊಡುವ ಅಗತ್ಯವೂ ಇಲ್ಲ: ಅಣುಗಳ ಭಾರವನ್ನು ಡಾಲ್ಟನ್ ಎಂಬ ಮಾನದಲ್ಲಿ ಅಳೆಯುತ್ತಾರೆ; ಸುಮಾರು 500 ಡಾಲ್ಟನ್‌ಗಿಂತ ಭಾರವಾದ ಅಣುಗಳು ಚರ್ಮದ ಹೊರಪದರವನ್ನು ದಾಟುವುದು ಕಷ್ಟ, ಕೊಲಾಜೆನ್ ಅಣುವಿನ ಭಾರವೋ 3 ಲಕ್ಷ ಡಾಲ್ಟನ್‌ನಷ್ಟು. ಅದು ಮೇಲೆಯೇ ಉಳಿದು ಸ್ವಲ್ಪ ತೇವ ಹಿಡಿಯುತ್ತದೆ. ಆ ಕೆಲಸವನ್ನು ಗ್ಲಿಸರಿನ್ ಕಡಿಮೆ ಖರ್ಚಿನಲ್ಲಿ ಮಾಡಿಬಿಡುತ್ತದೆ.

ಒಂದೇ ಡಬ್ಬಿ ಅವರ ಉತ್ತರ

ಇಷ್ಟೆಲ್ಲ ಲೆಕ್ಕಾಚಾರ ಏಕೆ ಬೇಕು ಎಂಬುದು ನನ್ನ ಅನುಮಾನ. ರಾಬರ್ಟ್ ಚೆಸ್‌ಬ್ರೋ ಎಂಬಾತ 1872ರಲ್ಲಿ ಪೇಟೆಂಟ್ ಪಡೆದ ಪೆಟ್ರೋಲಿಯಂ ಜೆಲ್ಲಿಯೇ ಇಂದಿಗೂ ನೀರು ಆವಿಯಾಗುವುದನ್ನು ತಡೆಯುವುದರಲ್ಲಿ ಎಲ್ಲವುಗಳಿಗಿಂತ ಮುಂದಿದೆ. ಅದರಲ್ಲಿ ಸುಗಂಧವಿಲ್ಲ, ನೀರಿಲ್ಲ, ನೀರಿಲ್ಲದ್ದರಿಂದ ಸಂರಕ್ಷಕವೂ ಬೇಕಿಲ್ಲ. ಅಲರ್ಜಿ ಆಗುವುದು ತೀರ ಅಪರೂಪ. ನಾನು ಬಹಳ ಕಾಲದಿಂದ ರಾತ್ರಿ ಮುಖಕ್ಕೆ ಅದನ್ನು ಬಿಟ್ಟು ಬೇರೇನನ್ನೂ ಹಚ್ಚಿಲ್ಲ. ಮುಖ ಒದ್ದೆಯಾಗಿರುವಾಗಲೇ, ಕಾಳಿನಷ್ಟು ತೆಗೆದುಕೊಂಡು ಅಂಗೈಗಳ ನಡುವೆ ಉಜ್ಜಿ ಒತ್ತಿಕೊಂಡರೆ ಸಾಕು. ಮೊದಲು ಒಂದು ತಿಂಗಳು ಇದನ್ನು ಮಾಡಿ ನೋಡಿ, ಆಮೇಲೆ ಸೆರಮೈಡ್‌ಗಳ ವಿಚಾರಕ್ಕೆ ಹೋಗಬಹುದು.

ಹೊರರೋಗಿ ವಿಭಾಗ ಅವರ ಉತ್ತರ

ನಾನು ಚರ್ಮರೋಗ ವೈದ್ಯೆ. ಮುಖವನ್ನು ಕಣ್ಣಾರೆ ನೋಡದೆ ರೋಗ ನಿರ್ಣಯ ಮಾಡುವಂತಿಲ್ಲ, ಆದರೂ ಪ್ರಶ್ನೆಯಲ್ಲಿರುವ ಒಂದು ವಿವರವನ್ನು ಮೇಲಿನ ಇಬ್ಬರೂ ಗಮನಿಸದೆ ಮುಂದೆ ಹೋಗಿದ್ದಾರೆ: ಹೊಟ್ಟು ಏಳುತ್ತಿರುವ ಜಾಗ. ಮೂಗಿನ ಪಕ್ಕದ ಮಡಿಕೆಗಳು, ಹುಬ್ಬುಗಳು, ಹುಬ್ಬುಗಳ ನಡುವಿನ ಜಾಗ, ಕಿವಿಯ ಹಿಂಭಾಗ, ನೆತ್ತಿ, ಇವೆಲ್ಲ ಜಿಡ್ಡಿನ ಗ್ರಂಥಿಗಳು ದಟ್ಟವಾಗಿರುವ ಸ್ಥಳಗಳು. ಅಲ್ಲಿ ಹೊಟ್ಟು ಎದ್ದು, ಅದರ ಅಡಿಯ ಚರ್ಮ ಸ್ವಲ್ಪ ಕೆಂಪಾಗಿದ್ದರೆ, ಅದು ಒಣಚರ್ಮವಾಗಿರುವುದಕ್ಕಿಂತ ಸೆಬೋರಿಕ್ ಡರ್ಮಟೈಟಿಸ್ ಎಂಬ ಚರ್ಮದ ಉರಿಯೂತ ಆಗಿರುವ ಸಾಧ್ಯತೆ ಹೆಚ್ಚು. ತಲೆಹೊಟ್ಟು ಕೂಡ ಇದೇ ತೊಂದರೆಯ ಸೌಮ್ಯ ರೂಪ. ಎಲ್ಲರ ಚರ್ಮದ ಮೇಲೂ ಇರುವ ಮಲಸೇಜಿಯಾ ಎಂಬ ಸೂಕ್ಷ್ಮ ಶಿಲೀಂಧ್ರಕ್ಕೆ ಇದರಲ್ಲಿ ಪಾತ್ರವಿದೆ. ಆ ಶಿಲೀಂಧ್ರ ಬದುಕುವುದು ಚರ್ಮದ ಮೇಲಿನ ಕೊಬ್ಬನ್ನು ಒಡೆದು ತಿಂದು. ಒಣಗಿದೆಯೆಂದು ಭಾವಿಸಿ ಅಲ್ಲಿ ಆಲಿವ್ ಎಣ್ಣೆಯಂಥ ಎಣ್ಣೆಗಳನ್ನು ತಿಕ್ಕಿದರೆ ಅದಕ್ಕೆ ಆಹಾರ ಬಡಿಸಿದಂತಾಗುತ್ತದೆ. ಹೊಟ್ಟು ಒಂದೆರಡು ಗಂಟೆ ಮರೆಯಾಗಿ ಮತ್ತೆ ಏಳುತ್ತದೆ. ಇದಕ್ಕೆ ಕೀಟೋಕೊನಜೋಲ್‌ನಂಥ ಶಿಲೀಂಧ್ರನಾಶಕ ಕ್ರೀಮುಗಳಿವೆ, ಅಡಾಪಲಿನ್ ಕೊಟ್ಟ ವೈದ್ಯರಿಗೇ ಆ ಜಾಗವನ್ನು ಒಮ್ಮೆ ತೋರಿಸಿ. ಅಡಾಪಲಿನ್‌ನಿಂದಲೂ ಆ ಮಡಿಕೆಗಳಲ್ಲಿ ಸಿಪ್ಪೆ ಏಳುವುದುಂಟು. ಜೆಲ್ ಆರಂಭಿಸುವ ಮೊದಲೇ ಹೊಟ್ಟು ಇತ್ತೇ ಎಂಬುದನ್ನು ಅವರಿಗೆ ತಪ್ಪದೆ ಹೇಳಿ.

ಬೇಗ ವಾಸಿಯಾಗಲೆಂದು ಸ್ಟಿರಾಯ್ಡ್ ಬೆರೆತ ಕ್ರೀಮನ್ನು ಸ್ವಂತವಾಗಿ ಕೊಂಡು ಮುಖಕ್ಕೆ ಹಚ್ಚುವುದು ಬೇಡವೇ ಬೇಡ. ಮೊದಮೊದಲು ಮುಖ ತಿಳಿಯಾಗಿ, ನುಣ್ಣಗೆ ಕಾಣುತ್ತದೆ. ತಿಂಗಳುಗಳು ಕಳೆದಂತೆ ಚರ್ಮ ತೆಳುವಾಗಿ, ರಕ್ತನಾಳಗಳು ಎದ್ದು ಕಂಡು, ಬಾಯಿಯ ಸುತ್ತ ಗುಳ್ಳೆಗಳೆದ್ದು, ಬಿಟ್ಟರೆ ಉರಿ, ಹಚ್ಚಿದರೆ ಹಾನಿ ಎಂಬ ಸ್ಥಿತಿಗೆ ಬಂದವರನ್ನು ನಾನು ಆಗಾಗ ನೋಡುತ್ತಲೇ ಇರುತ್ತೇನೆ.

ಇನ್ನು ಕೆನ್ನೆಯ ಬಿಗಿತ. ಮಾಯಿಶ್ಚರೈಸರ್ ಬದಲಿಸುವ ಮೊದಲು, ಮುಖ ತೊಳೆಯುವುದನ್ನು ಬದಲಿಸಿ. ಚರ್ಮದ ಮೇಲ್ಮೈ ತುಸು ಆಮ್ಲೀಯ, ಅದರ ಪಿಎಚ್ (ಕಡಿಮೆಯಾದಷ್ಟೂ ಹೆಚ್ಚು ಆಮ್ಲೀಯ ಎಂದು ತೋರಿಸುವ ಅಳತೆ) ಸುಮಾರು 4.5ರಿಂದ 5.5. ಸಾಮಾನ್ಯ ಸಾಬೂನಿನ ಪಿಎಚ್ 9ರಿಂದ 10. ಮುಖವನ್ನು ಸಾಬೂನಿನಿಂದಲೋ ಅತಿಯಾಗಿ ನೊರೆಗರೆಯುವ ಫೇಸ್‌ವಾಶಿನಿಂದಲೋ ದಿನಕ್ಕೆ ಹಲವು ಸಲ ತೊಳೆದು, ಹೊರಪದರದ ಕೊಬ್ಬನ್ನೆಲ್ಲ ಕಿತ್ತುಹಾಕಿ, ಆಮೇಲೆ ಅದನ್ನೇ ಡಬ್ಬಿಯಿಂದ ಹಿಂದಕ್ಕೆ ತುಂಬಲು ಹೊರಡುವುದರಲ್ಲಿ ಅರ್ಥವಿಲ್ಲ. ರಾತ್ರಿ ಒಮ್ಮೆ ಸೌಮ್ಯವಾದ, ಪಿಎಚ್ 5.5ರ ಆಸುಪಾಸಿನ ಫೇಸ್‌ವಾಶ್ ಬಳಸಿ. ಬೆಳಿಗ್ಗೆ ಉಗುರುಬೆಚ್ಚಗಿನ ಅಥವಾ ತಣ್ಣೀರು ಮಾತ್ರ ಸಾಕಾಗಬಹುದು. ತೊಳೆದ ಮೇಲೆ ‘ಕಿರ್’ ಎನ್ನುವಷ್ಟು ಚೊಕ್ಕಟವಾಗಬೇಕೆಂದು ಬಯಸುವವರು ಪಾತ್ರೆ ತೊಳೆಯುವುದಕ್ಕೆ ಮಾತ್ರ ಆ ಆಸೆಯನ್ನು ಇಟ್ಟುಕೊಳ್ಳಲಿ. ಬಟ್ಟೆಯಿಂದ ಉಜ್ಜದೆ ಒತ್ತಿ ಒರೆಸಿಕೊಂಡು, ಚರ್ಮದಲ್ಲಿ ಇನ್ನೂ ಸ್ವಲ್ಪ ತೇವವಿರುವಾಗಲೇ, ಎರಡು ಮೂರು ನಿಮಿಷದೊಳಗೆ ಮಾಯಿಶ್ಚರೈಸರ್ ಹಚ್ಚಿ.

ಅಡಾಪಲಿನ್ ಬಳಸುವವರಲ್ಲಿ ಮೊದಲ ಎರಡರಿಂದ ನಾಲ್ಕು ವಾರಗಳಲ್ಲಿ ಬಿಗಿತ, ಸಿಪ್ಪೆ, ಉರಿ ಹೆಚ್ಚಾಗಿರುತ್ತವೆ; ಬಹುತೇಕರಲ್ಲಿ ಅನಂತರ ತಗ್ಗುತ್ತವೆ. ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು ಜೆಲ್ ಸಾಕು, ಮತ್ತು ಅದನ್ನು ಪೂರ್ತಿ ಒಣಗಿದ ಚರ್ಮಕ್ಕೆ ಹಚ್ಚಬೇಕು. ಹಾಗಾಗಿ ಮೊದಲು ತೇವದ ಮುಖಕ್ಕೆ ಲೋಷನ್ನಿನ ಒಂದು ತೆಳು ಪದರ ಹಚ್ಚಿ, ಅದು ಆರಿದ ಮೇಲೆ ಅಡಾಪಲಿನ್, ಕೆನ್ನೆ ಹೆಚ್ಚು ಬಿಗಿಯುತ್ತಿದ್ದರೆ ಅದರ ಮೇಲೆ ಮತ್ತೆ ಕ್ರೀಮ್ ಹಚ್ಚಬಹುದು. ಕಣ್ಣಿನ ಸುತ್ತ, ತುಟಿಯ ಅಂಚು ಮತ್ತು ಮೂಗಿನ ಮಡಿಕೆಗಳಿಗೆ ಅಡಾಪಲಿನ್ ತಾಗದಂತೆ ನೋಡಿಕೊಳ್ಳಿ. ಆದರೂ ಉರಿಯುತ್ತಿದ್ದರೆ, ನಿಮ್ಮ ವೈದ್ಯರನ್ನು ಕೇಳಿ ಸ್ವಲ್ಪ ಕಾಲ ದಿನ ಬಿಟ್ಟು ದಿನ ಬಳಸಬಹುದು. ಗರ್ಭಿಣಿಯರು ಮತ್ತು ಗರ್ಭಧಾರಣೆಯ ಯೋಚನೆಯಲ್ಲಿರುವವರು ಅಡಾಪಲಿನ್ ಬಳಸುವುದಿಲ್ಲವೆಂಬುದನ್ನು ಈ ಪುಟ ಓದುವ ಇತರರಿಗಾಗಿ ಹೇಳಿಡುತ್ತೇನೆ.

‘ಒಂದೇ ಡಬ್ಬಿ’ ಅವರು ಪೆಟ್ರೋಲಿಯಂ ಜೆಲ್ಲಿಯ ಬಗ್ಗೆ ಹೇಳಿದ್ದು ಬಹುಪಾಲು ಸರಿ. ಅದು ರಂಧ್ರಗಳನ್ನು ಮುಚ್ಚಿ ಮೊಡವೆ ತರುತ್ತದೆಂಬ ಭಯಕ್ಕೂ ಆಧಾರ ಕಡಿಮೆ. ಆದರೆ ಅದು ನೀರನ್ನು ತಡೆಯುತ್ತದೆಯೇ ಹೊರತು ಹಿಡಿಯುವುದಿಲ್ಲ. ಒಣಗಿದ ಚರ್ಮದ ಮೇಲೆ ಹಚ್ಚಿದರೆ ಪ್ರಯೋಜನ ಕಡಿಮೆಯಾಗುತ್ತದೆ. ಮೊಡವೆಯೇಳುವ, ಬೆವರುವ ಹಣೆಗೆ ಅದರ ದಪ್ಪ ಪದರವನ್ನು ನಾನು ಹೇಳುವುದಿಲ್ಲ. ಅಡಾಪಲಿನ್ ಹಚ್ಚಿದ ರಾತ್ರಿ ಅದರ ಮೇಲೆ ಇಂಥ ಗಟ್ಟಿ ಹೊದಿಕೆ ಹಾಕಿದರೆ ಔಷಧದ ಕೆರಳಿಕೆಯೂ ಹೆಚ್ಚಬಹುದು. ತುಟಿಗೆ, ಕಣ್ಣಿನ ಹೊರಮೂಲೆಗೆ, ಮೂಗಿನ ತುದಿ ಬಿರಿದಾಗ ಅಲ್ಲಿಗೆ ಅದಕ್ಕಿಂತ ಒಳ್ಳೆಯದು ಇಲ್ಲ.

ಮೊಣಕೈ ಪರೀಕ್ಷೆ ಅವರ ಉತ್ತರ

ಅಲರ್ಜಿಯ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ, ಏಕೆಂದರೆ ನನ್ನ ಮುಖಕ್ಕೆ ಒಗ್ಗುವ ಕ್ರೀಮುಗಳಿಗಿಂತ ಒಗ್ಗದವುಗಳೇ ಹೆಚ್ಚು.

ಹೊಸ ಕ್ರೀಮನ್ನು ನೇರವಾಗಿ ಮುಖಕ್ಕೆ ಹಚ್ಚಬೇಡಿ. ಮುಂಗೈಯ ಒಳಬದಿಯಲ್ಲಿ ಅಥವಾ ಮೊಣಕೈಯ ಮಡಿಕೆಯಲ್ಲಿ, ನಾಣ್ಯದಷ್ಟು ಜಾಗಕ್ಕೆ, ದಿನಕ್ಕೆ ಎರಡು ಸಲದಂತೆ 7ರಿಂದ 10 ದಿನ ಹಚ್ಚಿ ನೋಡಿ. ಒಂದೇ ದಿನ ಹಚ್ಚಿ ಏನೂ ಆಗಲಿಲ್ಲವೆಂದು ನಿಲ್ಲಿಸುವವರು ಹೆಚ್ಚು. ಆದರೆ ಸಂಪರ್ಕದ ಅಲರ್ಜಿ ತಡವಾಗಿಯೇ ಕಾಣಿಸಿಕೊಳ್ಳುವಂಥದ್ದು. ಹಚ್ಚಿದ ಕೂಡಲೇ ಚುರುಗುಟ್ಟಿ ಕೆಲವು ನಿಮಿಷಗಳಲ್ಲಿ ನಿಲ್ಲುವುದು ಬೇರೆ, ಒಂದೆರಡು ದಿನ ಬಿಟ್ಟು ತುರಿಕೆ, ಕೆಂಪು, ಊತ ಬರುವುದು ಬೇರೆ. ಎರಡನೆಯದು ಬಂದರೆ ಆ ಕ್ರೀಮನ್ನು ಕೈಬಿಡಬೇಕು, ‘ಒಗ್ಗಿಕೊಳ್ಳುತ್ತದೆ’ ಎಂದು ಕಾಯಬಾರದು.

ತೊಂದರೆ ಕೊಡುವವುಗಳಲ್ಲಿ ಮೊದಲ ಸ್ಥಾನ ಸುಗಂಧಕ್ಕೆ. ‘ವಾಸನೆಯಿಲ್ಲದ್ದು’ ಎಂದು ಬರೆದಿರುವ ಕ್ರೀಮಿನಲ್ಲಿ ಮೂಲ ವಾಸನೆಯನ್ನು ಮರೆಮಾಡುವ ಸುಗಂಧ ಇರಬಹುದು. ‘ಸುಗಂಧ ಸೇರಿಸಿಲ್ಲ’ ಎಂದು ಬರೆದದ್ದನ್ನು ಆರಿಸಿ, ಪಟ್ಟಿಯಲ್ಲಿ ‘ಪರ್ಫ್ಯೂಮ್’ ಅಥವಾ ‘ಫ್ರಾಗ್ರೆನ್ಸ್’ ಎಂಬ ಪದವಿಲ್ಲವೆಂದು ಖಚಿತಪಡಿಸಿಕೊಳ್ಳಿ. ಗಿಡಗಳಿಂದ ತೆಗೆದ ಸುಗಂಧತೈಲಗಳೂ ಇದಕ್ಕೆ ಹೊರತಲ್ಲ. ನೈಸರ್ಗಿಕ ಎಂಬ ಕಾರಣಕ್ಕೆ ಚರ್ಮ ಅವನ್ನು ಕ್ಷಮಿಸುವುದಿಲ್ಲ. ಎರಡನೆಯದು ಮೀಥೈಲ್‌ಐಸೋಥಯಜೋಲಿನೋನ್ ಎಂಬ ಸಂರಕ್ಷಕ. ಅದರಿಂದ ಅಲರ್ಜಿಗಳು ಎಷ್ಟು ಹೆಚ್ಚಿದವೆಂದರೆ ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘವು 2013ರಲ್ಲಿ ಅದನ್ನು ‘ವರ್ಷದ ಅಲರ್ಜಿಕಾರಕ’ವೆಂದು ಹೆಸರಿಸಿತು, ಯುರೋಪಿನಲ್ಲಿ 2017ರಿಂದ ಚರ್ಮದ ಮೇಲೆ ಉಳಿಯುವ ಸೌಂದರ್ಯವರ್ಧಕಗಳಲ್ಲಿ ಅದನ್ನು ನಿಷೇಧಿಸಲಾಯಿತು. ಎಲ್ಲರೂ ಹೆದರುವ, ಸಂರಕ್ಷಕಗಳೇ ಆದ ಪ್ಯಾರಾಬೆನ್‌ಗಳನ್ನು ಅದೇ ಸಂಘವು 2019ರಲ್ಲಿ ‘ವರ್ಷದ ಅಲರ್ಜಿಕಾರಕವಲ್ಲದ್ದು’ ಎಂದು ಸಾರಿತು! ಪ್ಯಾರಾಬೆನ್ ಇಲ್ಲವೆಂದು ಮುಂಭಾಗದಲ್ಲಿ ಹೆಮ್ಮೆಯಿಂದ ಬರೆದುಕೊಂಡ ಡಬ್ಬಿಯಲ್ಲಿ ಅದರ ಬದಲಿಗೆ ಏನನ್ನು ಹಾಕಿದ್ದಾರೆಂಬುದನ್ನು ನಾನು ಮೊದಲು ನೋಡುತ್ತೇನೆ.

ಪಟ್ಟಿಯಲ್ಲಿ ಆಲ್ಕೋಹಾಲ್ ಎಂದು ಕಂಡ ಕೂಡಲೇ ಹೆದರುವವರಿಗೆ ಒಂದು ಮಾತು: ಸೀಟೈಲ್, ಸ್ಟಿಯರೈಲ್, ಸೀಟಿಯರೈಲ್ ಆಲ್ಕೋಹಾಲ್‌ಗಳು ಮೇಣದಂಥ ಮೃದುಕಾರಕಗಳು, ಚರ್ಮವನ್ನು ಒಣಗಿಸುವುದಿಲ್ಲ. ‘ಆಲ್ಕೋಹಾಲ್ ಡಿನ್ಯಾಟ್’ ಎಂಬ ಬೇಗ ಆರುವ ಸ್ಪಿರಿಟ್ ಪಟ್ಟಿಯ ಮೊದಲ ಭಾಗದಲ್ಲೇ ಇದ್ದರೆ, ಒಣ ಕೆನ್ನೆಯವರು ಅದನ್ನು ಬಿಡುವುದು ಲೇಸು.

ತಿಳಿನೀರು ಅವರ ಮರುಪ್ರಶ್ನೆ

ಎಲ್ಲರಿಗೂ ಧನ್ಯವಾದಗಳು. ಹೊಟ್ಟಿನ ವಿಚಾರವನ್ನು ಒಣಚರ್ಮವೆಂದಲ್ಲದೆ ಬೇರೆ ರೀತಿಯಲ್ಲಿ ನಾನು ಯೋಚಿಸಿಯೇ ಇರಲಿಲ್ಲ. ಜೆಲ್ ಆರಂಭಿಸುವ ಮೊದಲೂ ಅದು ಇತ್ತು, ತಲೆಯಲ್ಲೂ ಆಗಾಗ ಹೊಟ್ಟು ಆಗುತ್ತದೆ, ವೈದ್ಯರಿಗೆ ತೋರಿಸುತ್ತೇನೆ. ಇನ್ನೂ ಮೂರು ಸಂದೇಹಗಳಿವೆ. ಎಸ್‌ಪಿಎಫ್ (ಬಿಸಿಲಿನಿಂದ ಸಿಗುವ ರಕ್ಷಣೆಯ ಅಳತೆ) 30 ಇರುವ ಮಾಯಿಶ್ಚರೈಸರ್ ಒಂದನ್ನೇ ಹಚ್ಚಿಕೊಂಡರೆ ಬೇರೆ ಸನ್‌ಸ್ಕ್ರೀನ್ ಬೇಡವೇ? ಒಂದರ ಮೇಲೊಂದು ಹಚ್ಚಿದಾಗ ಎಲ್ಲವೂ ಸಣ್ಣ ಸಣ್ಣ ಉಂಡೆಗಳಾಗಿ ಉದುರುತ್ತವೆಯಲ್ಲ, ಅದಕ್ಕೆ ಕಾರಣವೇನು? ಎರಡು ಡಬ್ಬಿ ಇಟ್ಟುಕೊಂಡರೆ ಒಂದೊಂದೂ ನಿಧಾನವಾಗಿ ಮುಗಿಯುತ್ತದೆ. ತೆರೆದ ಡಬ್ಬಿಯನ್ನು ಎಷ್ಟು ಕಾಲ ಬಳಸಬಹುದು?

ಪ್ರಯೋಗಾಲಯದ ಮೇಜು ಅವರ ಉತ್ತರ

ಡಾಕ್ಟರ್ ಹೇಳಿದ ಹೊಟ್ಟಿನ ಮಾತನ್ನು ಗಮನದಲ್ಲಿಟ್ಟುಕೊಂಡು ಒಂದು ತಿದ್ದುಪಡಿ: ಮೂಗಿನ ಮಡಿಕೆ ಮತ್ತು ಹುಬ್ಬುಗಳ ಜಾಗಕ್ಕೆ ಸಸ್ಯಜನ್ಯ ಎಣ್ಣೆಗಳು ಹೆಚ್ಚಿರುವ ಕ್ರೀಮ್ ಬೇಡ, ಗ್ಲಿಸರಿನ್, ಸ್ಕ್ವಾಲೇನ್, ಖನಿಜ ತೈಲ, ಡೈಮೆಥಿಕೋನ್‌ಗಳ ಮೇಲೆ ನಿಂತಿರುವ ಸೂತ್ರವನ್ನೇ ಆರಿಸಿ.

ಎಸ್‌ಪಿಎಫ್ ಅಳೆಯುವಾಗ ಪ್ರಯೋಗಾಲಯದಲ್ಲಿ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚುತ್ತಾರೆ. ಜನ ಸಾಮಾನ್ಯವಾಗಿ ಹಚ್ಚುವುದು ಅದರ ಕಾಲು ಭಾಗದಿಂದ ಅರ್ಧದವರೆಗೆ. ಮಾಯಿಶ್ಚರೈಸರ್ ಎಂದು ಭಾವಿಸಿ ಹಚ್ಚಿದಾಗ ಕೈ ಇನ್ನೂ ಬಿಗಿಯಾಗುತ್ತದೆ, ಕಣ್ಣಿನ ಸುತ್ತ ಮತ್ತು ಕಿವಿಯ ಬಳಿ ಬಿಟ್ಟೂ ಹೋಗುತ್ತದೆ. ಎಸ್‌ಪಿಎಫ್ ಇರುವ ಮಾಯಿಶ್ಚರೈಸರನ್ನು ಸನ್‌ಸ್ಕ್ರೀನಿನಷ್ಟೇ ಧಾರಾಳವಾಗಿ, ಅಂದರೆ ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೆ ಎರಡು ಗೆರೆಗಳಷ್ಟು ತೆಗೆದುಕೊಂಡು ಮುಖ ಮತ್ತು ಕುತ್ತಿಗೆಗೆ ಹಚ್ಚುವವರಿಗೆ ಅದೊಂದೇ ಸಾಕು, ಅದರ ಮೇಲೆ ಯುವಿಎ (ಬಿಸಿಲಿನಲ್ಲಿರುವ ಒಂದು ಬಗೆಯ ನೇರಳಾತೀತ ಕಿರಣ) ರಕ್ಷಣೆಯೂ ಇದೆಯೆಂದು ಬರೆದಿದ್ದರೆ. ಹೊರಗೆ ಬಿಸಿಲಿನಲ್ಲಿ ಇರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಅಷ್ಟು ಹಚ್ಚಲು ಮನಸ್ಸಿಲ್ಲದಿದ್ದರೆ ಎರಡನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳಿ: ಮೊದಲು ಮಾಯಿಶ್ಚರೈಸರ್, ಅದರ ಮೇಲೆ ಸನ್‌ಸ್ಕ್ರೀನ್. ನಿಮ್ಮ ಹಣೆಗೆ ಬೆಳಗಿನ ಹೊತ್ತು ಸನ್‌ಸ್ಕ್ರೀನ್ ಒಂದೇ ಸಾಕು, ಹೆಚ್ಚಿನ ಸನ್‌ಸ್ಕ್ರೀನ್‌ಗಳಲ್ಲಿ ಮೃದುಗೊಳಿಸುವ ಪದಾರ್ಥಗಳು ಆಗಲೇ ಇರುತ್ತವೆ. ಎರಡನ್ನೂ ಅಂಗೈಯಲ್ಲಿ ಬೆರೆಸಿ ಹಚ್ಚುವುದು ಮಾತ್ರ ಬೇಡ. ಸನ್‌ಸ್ಕ್ರೀನ್ ಚರ್ಮದ ಮೇಲೆ ಸಮನಾದ ಪದರವಾಗಿ ನಿಲ್ಲುವಂತೆ ಸೂತ್ರ ಮಾಡಿರುತ್ತೇವೆ, ಬೆರೆಸಿದರೆ ಅದು ಕೆಡುತ್ತದೆ.

ಉಂಡೆಗಟ್ಟುವುದಕ್ಕೆ ಸಾಮಾನ್ಯ ಕಾರಣ ಆತುರ. ಲೋಷನ್‌ಗಳನ್ನು ಗಟ್ಟಿಯಾಗಿಸಲು ಹಾಕುವ ಕಾರ್ಬೋಮರ್, ಜಾಂಥನ್ ಗಮ್‌ಗಳು ಆರುವ ಮೊದಲೇ ಮೇಲೆ ಇನ್ನೊಂದನ್ನು ತಿಕ್ಕಿದರೆ ಅವು ಪೊರೆಯಾಗಿ ಸುತ್ತಿಕೊಂಡು ಏಳುತ್ತವೆ. ಕೆಳಗಿನದು ನೀರಿನ ಜೆಲ್, ಮೇಲಿನದು ಸಿಲಿಕೋನ್ ಹೆಚ್ಚಿರುವುದು ಆದಾಗಲೂ ಹೀಗಾಗುವುದುಂಟು. ಕಡಿಮೆ ಹಚ್ಚಿ, ಕೆಲವು ನಿಮಿಷ ಬಿಟ್ಟು, ಮುಂದಿನದನ್ನು ತಿಕ್ಕದೆ ಒತ್ತಿ ಹರಡಿ. ಹೀಗೆ ಮಾಡಿಯೂ ಉದುರಿದರೆ ಆ ಎರಡಕ್ಕೂ ಹೊಂದಿಕೆಯಿಲ್ಲವೆಂದೇ ಅರ್ಥ, ಒಂದನ್ನು ಬದಲಿಸಬೇಕು.

ಬಾಳಿಕೆಯ ಅವಧಿ ಡಬ್ಬಿಯ ಮೇಲೆಯೇ ಇರುತ್ತದೆ. ಮುಚ್ಚಳ ತೆರೆದ ಡಬ್ಬಿಯ ಚಿಕ್ಕ ಚಿತ್ರದೊಳಗೆ 6ಎಂ, 12ಎಂ ಎಂದು ಬರೆದಿದ್ದರೆ ತೆರೆದ ದಿನದಿಂದ ಅಷ್ಟು ತಿಂಗಳು ಎಂದರ್ಥ. ತೆರೆದ ದಿನಾಂಕವನ್ನು ಡಬ್ಬಿಯ ಅಡಿಯಲ್ಲಿ ಪೆನ್ನಿನಿಂದ ಬರೆದಿಡಿ. ಬೆರಳು ಅದ್ದುವ ಅಗಲ ಬಾಯಿಯ ಡಬ್ಬಿಗಿಂತ ಪಂಪ್ ಅಥವಾ ಟ್ಯೂಬ್ ಮೇಲು. ಪ್ರತಿ ಸಲ ಬೆರಳು ಹೋದಾಗಲೂ ಸೂಕ್ಷ್ಮಜೀವಿಗಳು ಒಳಗೆ ಸೇರಿ ಸಂರಕ್ಷಕದ ಮೇಲೆ ಹೊರೆ ಹೆಚ್ಚುತ್ತದೆ. ಸ್ನಾನದ ಕೋಣೆಯ ಬಿಸಿ ಮತ್ತು ಹಬೆಯಿಂದಲೂ, ಕಿಟಕಿಯ ಬಿಸಿಲಿನಿಂದಲೂ ದೂರವಿಡಿ. ನೀರು ಬೇರೆ ಎಣ್ಣೆ ಬೇರೆಯಾಗಿ ಒಡೆದಿದ್ದರೆ, ಬಣ್ಣ ತಿರುಗಿದ್ದರೆ ಅಥವಾ ಕಮಟು ವಾಸನೆ ಬಂದರೆ, ಅವಧಿ ಉಳಿದಿದ್ದರೂ ಅದನ್ನು ಎಸೆಯಿರಿ. ಕೆನ್ನೆಗೆ ಮಾತ್ರ ಬಳಸುವ ಗಟ್ಟಿ ಕ್ರೀಮನ್ನು ಅದಕ್ಕಾಗಿಯೇ ಚಿಕ್ಕ ಟ್ಯೂಬಿನಲ್ಲಿ ಕೊಳ್ಳಿ.